ಬೆಡ್ಲಮ್ ಮತ್ತು ಪಂಚಮಿಯ ಉಂಡಿ

ಒಡಹುಟ್ಟಿದ ಅಣ್ಣನನ್ನು, ಅವನ ಕಣ್ಣೆದುರಿಗೇ, ಅಣ್ಣನಲ್ಲ ಎಂದವಳು ನಾನು. ಬಾಯಿ ತಪ್ಪಿ ಬಂದ ಮಾತಲ್ಲ — ಆಡುವಾಗ ಎಲ್ಲ ಗೊತ್ತಿತ್ತು.

ಆಗಷ್ಟೇ ಮದುವೆಯಾಗಿ ಸಂಶಿಗೆ ಬಂದು, ಹತ್ತಿರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅದು ನಾಗರ ಪಂಚಮಿಯ ಹಿಂದಿನ ದಿನ. ಜೋಕಾಲಿಯ ಗುಂಗಿನಲ್ಲಿದ್ದ ಮಕ್ಕಳ ಗದ್ದಲಕ್ಕೆ ಸಿಟ್ಟು ಬಂದು ‘ಬೆಡ್ಲಮ್’ ಎಂದು ಬೈದೆ. ಹಂಗಂದ್ರೇನ್ರಿ ಎಂದರು. ಬಲ್ಲವಳೆಂಬ ಜಂಬ ಬೇರೆ — ಕತೆ ಶುರು ಮಾಡಿದೆ. ಲಂಡನ್ನಿನಲ್ಲಿ ಬೆತ್ಲೆಹೆಮ್ ಹೆಸರಿನ ಆಸ್ಪತ್ರೆ ಇತ್ತು, ಮನಸ್ಸು ಕೆಟ್ಟವರನ್ನು ಅಲ್ಲಿ ಇಡುತ್ತಿದ್ದರು. ಜನರ ಬಾಯಲ್ಲಿ ಆ ಹೆಸರು ಸವೆದು ಬೆಡ್ಲಮ್ ಆಯಿತು. ಒಳಗಿನವರ ಅವಸ್ಥೆ ನೋಡಿ ನಗಲು ಊರ ಮಂದಿ ಜಾತ್ರೆಗೆ ಹೋದಂತೆ ಹೋಗುತ್ತಿದ್ದರು. ಕೊನೆಗೆ ಎಲ್ಲಿ ಗೊಂದಲವೆದ್ದರೂ ಅದಕ್ಕೆ ಆ ಹೆಸರೇ ನಿಂತಿತು. ಮಕ್ಕಳು ನಕ್ಕರು. ನಗಲೆಂದೇ ನಾನು ಹುಚ್ಚರಂತೆ ಕೈಕಾಲು ಆಡಿಸಿಯೂ ತೋರಿಸಿದೆ...

ತಿರುಗಿ ನೋಡಿದರೆ ಬಾಗಿಲಲ್ಲಿ ಅಣ್ಣ. ಚಪ್ಪಲಿಗೆ ನಮ್ಮ ತಿರ್ಲಾಪುರದ ಎರೆಮಣ್ಣು, ಕೈಯಲ್ಲಿ ಅವ್ವ ಕಟ್ಟಿದ ಶೇಂಗಾ ಉಂಡಿಯ ಡಬ್ಬಿ. ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಅಣ್ಣನೇ ಬರಬೇಕಲ್ಲ. ಅವನು ಮನಸ್ಸಿನ ಕಾಯಿಲೆಗೆ ಧಾರವಾಡದ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದು, ಗುಣವಾಗಿ ಆ ಬೇಸಿಗೆಯಲ್ಲಿ ಮನೆಗೆ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ — ಇಂದಿಗೂ ಕೇಳಿಲ್ಲ.

“ಯಾರ್ರೀ ಟೀಚರ್?” ಎಂದಳು ಮುಂದಿನ ಬೆಂಚಿನ ಹುಡುಗಿ.

ಶಾಲೆಯಲ್ಲಿ ಯಾರಿಗೂ ಅವನ ವಿಷಯ ಗೊತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬುದ್ಧಿ ನನ್ನದು.

“ನಮ್ಮೂರಾಂವ. ಮನಿಯವ್ರು ಏನೋ ಕೊಟ್ಟು ಕಳಿಸ್ಯಾರ.”

ಅಣ್ಣ ನನ್ನನ್ನೇ ನೋಡಿದ. ಆಮೇಲೆ, “ಹೌದ್ರಿ ಅಕ್ಕೋರ, ಕೊಟ್ಟು ಬಾ ಅಂದಿದ್ರು,” ಎಂದು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೋದ.

ಹುಟ್ಟಿದಾಗಿನಿಂದ ‘ಏನ್ ಬೇ ಸಾವಿ’ ಎಂದೇ ಕರೆದ ಬಾಯಿ ಅಂದು ಟೀಚರಿಗೆ ಅನ್ನುವಂತೆ ‘ಅಕ್ಕೋರ’ ಎಂದಿತು. ನನ್ನ ಸುಳ್ಳಿಗೆ ಅವನೇ ಸಾಕ್ಷಿ ನಿಂತ. ಹಿಂದೆಯೇ ಓಡಬಹುದಿತ್ತು — ಓಡಲಿಲ್ಲ. ಸಂಜೆ ಒಬ್ಬಳೇ ತವರಿನ ಬಸ್ಸು ಹತ್ತಿದೆ.

ಮುಂದೆ ಯಾವ ಪಂಚಮಿಗೂ ಅವನು ಕರೆಯಲು ಬರಲಿಲ್ಲ. ಮನೆಯಲ್ಲಿ ಆ ಮಾತನ್ನೂ ಎತ್ತಲಿಲ್ಲ. ಗುಳಿಗೆ ತಪ್ಪಿಸದೆ, ಹತ್ತಿ ಹೊಲ ನೋಡಿಕೊಂಡು ಬದುಕು ಕಟ್ಟಿಕೊಂಡ. ಹೋದಾಗಲೆಲ್ಲ ನಾನೇ ಅವನ ಮುಖ ತಪ್ಪಿಸುತ್ತಿದ್ದೆ.

ಈ ವರ್ಷ ಪಾಠದಲ್ಲಿ ಆ ಪದ ಮತ್ತೆ ಬಂತು. ಅದೇ ಕತೆ ಹೇಳಿದೆ, ಕೈಕಾಲು ಆಡಿಸಲಿಲ್ಲ. ಒಳಗಿದ್ದ ಆ ಜನಕ್ಕೂ ತಂಗಿಯರಿದ್ದರು ಎಂದೆ. ನನ್ನ ಅಣ್ಣನೂ ಅಂಥ ಕಾಯಿಲೆಯಿಂದ ಎದ್ದು ಬಂದವನು, ಅವನನ್ನು ಇದೇ ಬಾಗಿಲಿನಿಂದ ಹೊರಗೆ ಕಳಿಸಿದೆ ಎಂದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನವನೊಬ್ಬ, “ಈಗ ಆರಾಮ್ ಅದಾರಲ್ರಿ? ಮತ್ತ ಕರೀರಲ್ಲ ಟೀಚರ್,” ಎಂದ. ಇಷ್ಟು ಸಲೀಸಾದ ಮಾತು ನನಗೆ ಹೊಳೆದಿರಲೇ ಇಲ್ಲ.

ಫೋನ್ ಮಾಡಿದೆ. “ಯಣ್ಣಾ, ಪಂಚಮಿಗೆ ಕರಿಯಾಕ ಬರ್ತೀಯೇನು?”

“ಬರ್ತೀನಿ. ಬಸ್ ಸ್ಟ್ಯಾಂಡ್‌ನ್ಯಾಗ ನಿಂದರ್ಲೇನ್ ಬೇ?”

ಇಷ್ಟು ವರ್ಷವಾದ ಮೇಲೂ ನನ್ನ ಮಾನ ಕಾಯುತ್ತಿದ್ದಾನೆ — ಅಳು ಉಕ್ಕಿ ಬಂತು.

“ಬ್ಯಾಡ. ಸಾಲಿಗೇ ಬಾ. ವರ್ಗದ ಬಾಗಲಾ ತನಕಾ ಬಾ.”

ನಾಳೆ ಬರುತ್ತಾನೆ. ಯಾರ್ರೀ ಎಂದು ಯಾರಾದರೂ ಕೇಳುವ ಮೊದಲೇ ನಾನು ಹೇಳಬೇಕು.