ಮುರಿದ ಸಂಬಂಧಕ್ಕೊಂದು ಫ್ಲೆಕ್ಸ್

ನಮ್ಮ ಧರ್ಮದಲ್ಲಿ ಎಲ್ಲರೂ ಜಗದ್ಗುರುಗಳು. ಭಕ್ತರಾಗಲು ಯಾರೂ ಒಪ್ಪದ್ದರಿಂದ ಹೀಗಾಗಿದೆ. ಹಳಿಯಾಳ ತಾಲೂಕಿಗೆ ನಾನು, ದಾಂಡೇಲಿಗೆ ಒಬ್ಬ, ಜೊಯಿಡಾಕ್ಕೆ ಒಬ್ಬಳು, ಮುಂಡಗೋಡಕ್ಕೆ ಒಬ್ಬ.

ಡಿಸ್ಕಾರ್ಡಿಯನ್ ಎಂದು ಹೇಳಿಕೊಳ್ಳುವವರು ಇಂಟರ್ನೆಟ್ಟಿನಲ್ಲಿ ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಗದ್ದಲಕ್ಕೂ ಒಬ್ಬ ದೇವಿ ಇದ್ದಾಳೆ, ಅವಳನ್ನು ನಗುತ್ತಲೇ ಪೂಜಿಸಬೇಕು, ಅವಳ ಹೆಸರಿನಲ್ಲಿ ಯಾರು ಏನು ಹೇಳಿದರೂ ನಂಬಬಾರದು ಎನ್ನುವ ಮಂದಿ. ಅವರ ಇಂಗ್ಲಿಷ್ ಗುಂಪೊಂದರಲ್ಲಿ ಎರಡು ವರ್ಷದ ಹಿಂದೆ ಯಾರೋ ಒಬ್ಬಳು, ದೇವಿಯ ಮೂಲಸ್ಥಾನ ಜೊಯಿಡಾ ಬಸ್ಸಿನ ವೇಳಾಪಟ್ಟಿ ಎಂದು ಬರೆದಳು. ಅದಕ್ಕೆ ನಕ್ಕವರು ಮೂವರೇ. ಮೂವರೂ ಎಂದಾದರೊಂದು ದಿನ ಆ ಬಸ್ಸಿಗೆ ಕಾದವರು. ಅದೇ ವಾರ ನಾಲ್ವರೂ ಸೇರಿ ನಮ್ಮದೇ ಕನ್ನಡ ಗುಂಪು ಮಾಡಿಕೊಂಡೆವು. ದೇವಿಗೆ ಗದ್ದಲವ್ವ ಎಂದು ಹೆಸರಿಟ್ಟೆವು.

ಪ್ರತಿ ಗುರುವಾರ ಒಬ್ಬೊಬ್ಬರೂ ಯಾರಿಗೂ ತೊಂದರೆಯಾಗದ, ಯಾರಿಗೂ ಉಪಯೋಗವಿಲ್ಲದ ಒಂದು ಕೆಲಸ ಮಾಡಿ ಗುಂಪಿಗೆ ವರದಿ ಕೊಡಬೇಕು. ವರದಿಗಳನ್ನು ತಾರೀಖು ಹಾಕಿ ಬರೆದಿಡುವುದು ನನ್ನ ಪಾಲಿಗೆ ಬಂತು. ಹೇಗೂ ನಾನು ಎಂಟನೆಯ ತರಗತಿಯಿಂದ ದಿನಚರಿ ಬರೆಯುವವಳು. ಜೊಯಿಡಾದವಳು ಒಂದು ಗುರುವಾರ ವೇಳೆಗೆ ಸರಿಯಾಗಿ ಬಂದ ಬಸ್ಸಿನ ಡ್ರೈವರಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು ಸನ್ಮಾನಿಸಿದಳು. ಆತ ನಾಚಿಕೊಂಡರೂ ದಾಂಡೇಲಿಯವರೆಗೆ ಶಾಲು ತೆಗೆಯಲಿಲ್ಲ. ದಾಂಡೇಲಿಯವನು ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಾಫ್ಟಿಂಗಿಗೆ ಕರೆದೊಯ್ಯುವವನು. ಅವನು ದಡದ ಒಂದು ಕಲ್ಲು ತೋರಿಸಿ, "ಹಿರಿಯಾರು, ಹೇಳಿ ಹೋಗ್ರಿ" ಅಂದ. ಎಲ್ಲರೂ ಕಲ್ಲಿಗೆ ಹೇಳಿ ಹೋದರು. ಮುಂದಿನ ವಾರ ಕಲ್ಲಿನ ಮೇಲೆ ಕುಂಕುಮ ಕಂಡು ಗಾಬರಿಯಾಗಿ, ಅಂದಿನಿಂದ ದಿನಕ್ಕೊಂದು ಬೇರೆ ಕಲ್ಲು ತೋರಿಸತೊಡಗಿದ.

ಇನ್ನೊಂದು ಪದ್ಧತಿಯೂ ಇತ್ತು. ನಮ್ಮ ಧರ್ಮ ಯಾವುದೆಂದು ಯಾರಾದರೂ ಕೇಳಿದರೆ ಅವರನ್ನು ನಿಂತ ನಿಲುವಿನಲ್ಲೇ ಜಗದ್ಗುರು ಮಾಡಬೇಕು. ಅದಕ್ಕಾಗಿ ಪುಟ್ಟ ಕಾರ್ಡುಗಳನ್ನು ನಾನೇ ಮುದ್ರಿಸಿದ್ದೆ. ಹಳಿಯಾಳದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವುದು ನನ್ನ ನೌಕರಿ. ಅಂಚಿನಲ್ಲಿ ಉಳಿಯುವ ತುಂಡುಗಳಿಗೆ ಬರವಿಲ್ಲ.

ಈ ಪದ್ಧತಿಯೇ ನನ್ನ ಮದುವೆಯ ಮಾತನ್ನು ಮುರಿಯಿತು.

ಒಂದು ಭಾನುವಾರ ಮುಂಡಗೋಡ ಬಳಿಯ ಸನವಳ್ಳಿಯ ನಮ್ಮ ಮನೆಗೆ ಗಂಡಿನ ಕಡೆಯವರು ಬಂದಿದ್ದರು. ಗಂಡು, ಅವನ ತಾಯಿ, ಸೋದರಮಾವ. ಮಾವ ತಮ್ಮೂರಿನ ದೇವಸ್ಥಾನ ಸಮಿತಿಯ ಹಿರಿಯರು. ನನ್ನ ಫೇಸ್‌ಬುಕ್ ಪುಟವನ್ನು ಮೊದಲೇ ನೋಡಿಕೊಂಡು ಬಂದಿದ್ದರು.

"ಅಲ್ಲವಾ, ಜಗದ್ಗುರು ಅಂತ ಹಾಕ್ಕೊಂಡೀಯಲ್ಲ, ಅದೇನದು? ಯಾವ ಧರ್ಮ?"

ಸುಮ್ಮನಿರಬಹುದಿತ್ತು. ಆದರೆ ಕೇಳಿಬಿಟ್ಟಿದ್ದರು. ನಾನು ಎದ್ದು, ಪರ್ಸಿನಿಂದ ಕಾರ್ಡು ತೆಗೆದು, ಎರಡೂ ಕೈಯಿಂದ ಕೊಟ್ಟೆ.

"ಈಗಿಂದ ನೀವೂ ಜಗದ್ಗುರುನ ರೀ."

ಅವರು ಕಾರ್ಡನ್ನು ದೂರ ಹಿಡಿದು ಓದಿದರು. 'ಈ ಕಾರ್ಡು ಹೊಂದಿದವರ ಮಾತನ್ನು ಯಾರೂ ಕೇಳಬೇಕಾಗಿಲ್ಲ' ಎಂದಿತ್ತು. ಮುಖ ಕೆಂಪಾಯಿತು.

"ಏನ್ರೀ ಇದು, ಮನೀಗೆ ಕರದು ಮಂಗ್ಯಾ ಮಾಡಾಕ ಹತ್ತೀರೇನು?" ಎಂದು ಅಪ್ಪನ ಕಡೆ ತಿರುಗಿದರು.

"ಇಲ್ರೀ, ಹುಡುಗಾಟಕಿ..." ಅಪ್ಪನ ಮಾತು ಅರ್ಧಕ್ಕೇ ನಿಂತಿತು. ಗಂಡಿನ ತಾಯಿ ಮಾತ್ರ ಮೆಲ್ಲಗೆ ಕೈ ಚಾಚಿ, "ನನಗೂ ಒಂದು ಕೊಡವಾ. ನಮ್ಮನ್ಯಾಗ ಹೆಂಗೂ ನನ್ನ ಮಾತು ಯಾರೂ ಕೇಳಂಗಿಲ್ಲ" ಅಂದರು. ಕೊಟ್ಟೆ. ಅವಲಕ್ಕಿ ತಟ್ಟೆಗಳನ್ನು ಹಾಗೇ ಬಿಟ್ಟು ಮೂವರೂ ಎದ್ದುಹೋದರು. ಸಂಜೆ ಫೋನಿನಲ್ಲಿ ಸಂಬಂಧ ಬೇಡವೆಂದು ತಿಳಿಸಿದರು.

ಅಪ್ಪ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಹೇಳಿದ. "ಮುಂದಿನ ಐತವಾರ ಗಾಡಿ ತೊಗೊಂಡು ಬರ್ತೇನಿ. ಖೋಲಿ ಖಾಲಿ ಮಾಡು. ನೌಕರಿ ಸಾಕು. ಇನ್ನೊಂದು ಸಂಬಂಧ ಬರೂತನ ಮನ್ಯಾಗ ಇರು."

ಹಳಿಯಾಳದಲ್ಲಿ ನಾನು ಬಾಡಿಗೆಗೆ ಹಿಡಿದ ಆ ಖೋಲಿ ದೊಡ್ಡದೇನಲ್ಲ. ಒಂದು ಕಿಟಕಿ, ಒಂದು ಗ್ಯಾಸ್ ಒಲೆ, ಮಂಚದ ಕೆಳಗೆ ನನ್ನ ದಿನಚರಿಗಳು. ಆದರೆ ಅದರ ಬಾಗಿಲಿನ ಕೀಲಿ ನನ್ನ ಕೈಯಲ್ಲಿರುತ್ತದೆ. ನಾನು ಎದ್ದಾಗ ಬೆಳಗಾಗುತ್ತದೆ. ಯಾಕೆ ನಗುತ್ತೀ ಎಂದು ಯಾರೂ ಕೇಳುವುದಿಲ್ಲ. ಅದನ್ನು ಬಿಟ್ಟುಕೊಡುವುದಿಲ್ಲ ಎಂದು ಸೋಮವಾರ ಬೆಳಿಗ್ಗೆ ಹಳಿಯಾಳದ ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಹೇಗೆ ಎನ್ನುವುದು ಮಾತ್ರ ತಿಳಿದಿರಲಿಲ್ಲ.

ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಹಳಿಯಾಳ ಸೇರಿತ್ತು. ಫೋನಿನಲ್ಲಿ ಅತ್ತೆಯಂದಿರು, ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನವರು, ಅಂಗಡಿಗೆ ಬರುವ ಗಿರಾಕಿಗಳು, ಎಲ್ಲರೂ ದನಿ ತಗ್ಗಿಸಿ, "ಯಾಕ ನಿಂತಿತಂತ?" ಎನ್ನುವವರೇ. ಕೇಳಿದವರಿಗೆಲ್ಲ ದಿನಚರಿಯಲ್ಲಿ ಒಂದೊಂದು ಗೆರೆ ಎಳೆದೆ. ನೆಂಟರಿಗೆ ಒಂದು ಸಾಲು, ಪರಿಚಯದವರಿಗೆ ಒಂದು, ನನ್ನ ಹೆಸರೂ ಗೊತ್ತಿಲ್ಲದವರಿಗೆ ಒಂದು. ಬುಧವಾರದ ಹೊತ್ತಿಗೆ ಮೂರನೆಯ ಸಾಲೇ ಎಲ್ಲಕ್ಕಿಂತ ಉದ್ದವಾಗಿತ್ತು. ಸಿಟ್ಟು ಬಂದದ್ದು ಆಗಲೇ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾಲ್ವರೂ ವೀಡಿಯೊ ಕಾಲಿನಲ್ಲಿ ಸೇರಿದಾಗ ನಡೆದದ್ದನ್ನೆಲ್ಲ ಹೇಳಿದೆ. ಮುಂಡಗೋಡದವನು ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಯಾರದೋ ಫೋನು ಬಿಚ್ಚುತ್ತ ಕೂತಿದ್ದ.

"ಜಗದ್ಗುರುಗಳ, ನಿಮ್ಮ ಅಂಗಡ್ಯಾಗ ಯಾವ್ಯಾವುದಕ್ಕ ಫ್ಲೆಕ್ಸ್ ಮಾಡ್ತೀರಿ?" ಎಂದು ಕೇಳಿದ.

"ಹುಟ್ಟುಹಬ್ಬ, ಲಗ್ನ, ಬಸುರಿ ಕುಬಸ, ನೌಕರಿ ಸಿಕ್ಕಿದ್ದು, ಸೊಸೈಟಿ ಇಲೆಕ್ಷನ್ ಗೆದ್ದಿದ್ದು."

"ಸೋತಿದ್ದಕ್ಕ?"

"ಯಾರ್ ಮಾಡಸ್ತಾರೋ?"

"ಲಗ್ನ ಮುರದಿದ್ದಕ್ಕ?"

ಜೊಯಿಡಾದವಳು, "ಅಗೋ, ನನ್ನ ಫೋಟೋ ಕರಿ ಚಶ್ಮಾ ಹಾಕ್ಕೊಂಡಿದ್ದು ಹಾಕು" ಎಂದಳು. ಅಲ್ಲಿಗೆ ನಿರ್ಧಾರವಾಯಿತು.

ಅಂದು ಸಂಜೆ ಅಂಗಡಿಯ ಕೆಲಸ ಮುಗಿದ ಮೇಲೆ ಕೂತು ಮಾಡಿದೆ. ಸಾಮಾನ್ಯ ಫ್ಲೆಕ್ಸಿನಲ್ಲಿ ಏನೇನಿರುತ್ತದೋ ಎಲ್ಲ ಹಾಕಿದೆ. ಹಿಂದೆ ನೀಲಿ ಆಕಾಶ, ಎರಡು ಪಾರಿವಾಳ, ನಡುವೆ ಕೈಮುಗಿದು ನಿಂತ ನಾನು. ಮೇಲೆ ದಪ್ಪ ಹಳದಿ ಅಕ್ಷರದಲ್ಲಿ: 'ಮದುವೆಯ ಮಾತುಕತೆ ಯಶಸ್ವಿಯಾಗಿ ಮುರಿದುಬಿದ್ದ ಪ್ರಯುಕ್ತ ಹಾರ್ದಿಕ ಅಭಿನಂದನೆಗಳು.' ಕೆಳಗೆ 'ಶುಭಕೋರುವವರು' ಎಂದು ದುಂಡು ಚೌಕಟ್ಟುಗಳಲ್ಲಿ ಮೂವರು ಜಗದ್ಗುರುಗಳು, ಮೂವರಿಗೂ ಕರಿ ಕನ್ನಡಕ. ಗಂಡಿನ ಕಡೆಯವರ ಸುಳಿವನ್ನು ಎಲ್ಲೂ ಕೊಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರು ಬೇಡ ಅಂದರು, ಮುಗಿಯಿತು.

ಮುದ್ರಿಸುವ ಮೊದಲು ಮನೆಯೊಡತಿಗೆ ಫೋನಿನಲ್ಲಿ ತೋರಿಸಿದೆ. ಕಟ್ಟಬೇಕಾದ ಗೋಡೆ ಅವರದು. ಚಿಕ್ಕಮ್ಮ ಎಂದಂತೆ ನಾನು ಅವರನ್ನು ಉರ್ದುವಿನಲ್ಲಿ ಖಾಲಾ ಎನ್ನುತ್ತೇನೆ. ಚಿಕ್ಕ ವಯಸ್ಸಿನಲ್ಲೇ ಗಂಡನ ಮನೆ ಬಿಟ್ಟು ಬಂದು, ಹೊಲಿಗೆ ಮಾಡಿ ಈ ಮನೆ ಕಟ್ಟಿದವರು. ಬಹಳ ಹೊತ್ತು ನೋಡಿದರು.

"ಎಷ್ಟ ಮಂದಿ ಅದಾರ ಕೆಳಗ? ಮೂರ? ಒಂದ ಕಡೀಗೆ ಜಾಗಾ ಖಾಲಿ ಕಾಣ್ತೈತಿ ಬೇಟಿ."

"ನಿಮ್ಮದು ಹಾಕ್ಲೇನು ಖಾಲಾ?"

"ಹಾಕು. ನಾ ಬಂದಾಗ ಯಾವ ಸೂಳೇಮಗನೂ ಅಭಿನಂದನಾ ಹೇಳ್ಲಿಲ್ಲ. ಚಶ್ಮಾ ಮಾತ್ರ ಬ್ಯಾಡ, ಕಣ್ಣ ಕಾಣ್ಲಿ."

ಶುಕ್ರವಾರ ಬೆಳಿಗ್ಗೆ ರಸ್ತೆಗೆ ಮುಖ ಮಾಡಿದ ಗೋಡೆಗೆ ಕಟ್ಟಿದೆವು. ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ಆ ರಸ್ತೆಯಲ್ಲೇ ಹೋಗುತ್ತವೆ. ಮೊದಲ ದಿನ ಜನ ನಿಂತು ಓದಿ, ಮತ್ತೆ ಓದಿ, ನಕ್ಕು ಹೋದರು. ಇಬ್ಬರು ಮುದುಕರು ಹಾಳಾದ ಕಾಲವೆಂದು ಬೈದರು, ಅವರನ್ನೂ ಬರೆದುಕೊಂಡೆ. ಆದರೆ ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ. ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದದ್ದನ್ನು ಕಿವಿಯಲ್ಲಿ ಪಿಸುಗುಟ್ಟಿ ಕೇಳುವುದು ಹೇಗೆ? ಮೂರನೆಯ ಸಾಲಿನಲ್ಲಿ ಗೆರೆ ಬೀಳುವುದು ನಿಂತಿತು. ಶನಿವಾರ ಅಂಗಡಿಗೆ ಒಬ್ಬ ಹೆಂಗಸು ಬಂದು, ಮಗಳು ಗಂಡನಿಂದ ಸೋಡಚೀಟಿ ತೆಗೆದುಕೊಂಡಿದ್ದಾಳೆ, ಅದಕ್ಕೂ ಹೀಗೆ ಮಾಡಿಕೊಡುತ್ತೀರಾ ಎಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಮುಖ ನೋಡಿದೆ. ಇಲ್ಲ.

ಭಾನುವಾರ ಅಪ್ಪ ಗೂಡ್ಸ್ ಗಾಡಿಯಲ್ಲಿ ಬಂದ. ಇಳಿದವನು ಗೋಡೆಯ ಮುಂದೆ ನಿಂತುಬಿಟ್ಟ. ಡ್ರೈವರ್ ಹಗ್ಗ ಹಿಡಿದುಕೊಂಡು ಅವನ ಹಿಂದೆ ನಿಂತು ಜೋರಾಗಿ ಓದಿ ಮುಗಿಸಿದ.

"ಇಳಸು ಅದನ್ನ," ಅಪ್ಪ ಅಂದ.

"ಇಳಸಂಗಿಲ್ಲಪ್ಪಾ."

"ಮಾನಾ ಮರ್ಯಾದಿ ಏನರ ಐತೇನು? ಊರಾಗ ಎಲ್ಲಾರೂ ಕೇಳಾಕ ಹತ್ಯಾರ."

"ಇಲ್ಲಿ ಕೇಳೂದು ಬಿಟ್ಟಾರ. ನೀ ಹೇಳು, ನಾ ತಪ್ಪೇನು ಮಾಡೇನಿ? ಕಳ್ಳತನಾ ಮಾಡೇನಾ? ಅವ್ರು ಕೇಳಿದ್ರು, ನಾ ಹೇಳಿದೆ. ಒಲ್ಲೆ ಅಂದ್ರು. ತಲಿ ತಗ್ಗಸೂದು ಏನೈತಿ ಇದರಾಗ?"

ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ನಿಧಾನವಾಯಿತು. ಅದರ ಡ್ರೈವರ್ ಫ್ಲೆಕ್ಸನ್ನೂ ನನ್ನನ್ನೂ ನೋಡಿ, "ಅಭಿನಂದನಾ ರೀ ಅಕ್ಕಾರ!" ಎಂದು ಕೂಗಿ, ಹತ್ತಿರವಿದ್ದ ಅಪ್ಪನಿಗೂ, "ನಿಮಗೂ ರೀ ಕಾಕಾ" ಎಂದು ಕೈ ಎತ್ತಿ ಹೋದ. ಅಪ್ಪನ ಕೈ ತಾನಾಗಿಯೇ ಅರ್ಧ ಮೇಲೆದ್ದಿತು. ಥಟ್ಟನೆ ಇಳಿಸಿದ.

ಖಾಲಾ ಚಹಾ ತಂದುಕೊಟ್ಟರು. ಅಪ್ಪ ಕಟ್ಟೆಯ ಮೇಲೆ ಕೂತು ಅರ್ಧ ಕಪ್ಪು ಕುಡಿದ.

"ಏನೇನ ಹೇರೂಣ್ರಿ?" ಡ್ರೈವರ್ ಕೇಳಿದ.

ನಾನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದೆ. ಒಳಗೆ ಒಂದು ಚಮಚವನ್ನೂ ಕಟ್ಟಿಟ್ಟಿರಲಿಲ್ಲ. "ಏನೂ ಇಲ್ಲ" ಅಂದೆ.

ಅಪ್ಪ ಕಪ್ಪು ಕೆಳಗಿಟ್ಟ. "ಗಾಡಿ ತರ್ತೇನಂತ ಊರಿಗೆಲ್ಲಾ ಹೇಳಿ ಬಂದೇನಿ. ಖಾಲಿ ಹೋದ್ರ ಏನ ಹೇಳ್ಲಿ?"

"ಖಾಲಿ ಬಂತು ಅಂತ ಹೇಳು."

ಅವನು ನನ್ನನ್ನು ನೋಡಿದ. ಒಪ್ಪಿಗೆಯಾಗಲಿ ಆಶೀರ್ವಾದವಾಗಲಿ ಆ ನೋಟದಲ್ಲಿರಲಿಲ್ಲ. ಎಳೆದೊಯ್ಯುವ ಬಲವೂ ಇರಲಿಲ್ಲ. ಡ್ರೈವರ್ ಹಗ್ಗ ಸುತ್ತಿ ಸೀಟಿನ ಹಿಂದೆ ಎಸೆದ. ಅಪ್ಪ ಮುಂದೆ ಹತ್ತಿ ಕೂತ, ತಿರುಗಿ ನೋಡಲಿಲ್ಲ. ಗಾಡಿ ಕಿರಿಕಿರಿ ಸದ್ದು ಮಾಡುತ್ತ ಮುಂಡಗೋಡ ರಸ್ತೆಯ ಕಡೆ ಹೋಯಿತು.

ಗಾಳಿಗೆ ಫ್ಲೆಕ್ಸಿನ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಅನ್ನುತ್ತಿತ್ತು. ಖಾಲಾ ಕುರ್ಚಿ ಹಿಡಿದರು. ನಾನು ಹತ್ತಿ ಮತ್ತೆ ಬಿಗಿದೆ, ಈ ಸಲ ಎರಡು ಗಂಟು.