ಅರ್ಧ ಇಂಚು ಒಳಗೆ

ನನ್ನ ಸೋದರತ್ತೆ ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಬೈಯುತ್ತಿದ್ದರು. ಒಂದು ಸೂಜಿಯೂ ಕೆಳಗೆ ಬೀಳುತ್ತಿರಲಿಲ್ಲ. ಸನತ್‌ನಗರದ ಕಾರ್ಖಾನೆ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಮಷೀನು. ಬಟ್ಟೆ ಕೊಡಲು ಬಂದ ಹೆಂಗಸರೊಂದಿಗೆ ಸಕ್ಕರೆಯಂಥ ತೆಲುಗು. ಅವರು ಮೆಟ್ಟಿಲಿಳಿದ ಕೂಡಲೇ ನಮ್ಮ ಮೇಲೆ ಕನ್ನಡ. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನೂ ಅಕ್ಕನನ್ನೂ ಅಲ್ಲಿ ತಂದುಬಿಟ್ಟಿದ್ದ. ಅತ್ತೆಗೆ ಅವ್ವನನ್ನು ಕಂಡರೆ ಆಗುತ್ತಿರಲಿಲ್ಲ. ಅವ್ವ ಹೋದಳು, ಹೊಟ್ಟೆಯುರಿ ಮಾತ್ರ ನಮ್ಮ ಪಾಲಿಗೆ ಉಳಿಯಿತು.

ಆಗಿನ್ನೂ ತೆಲುಗರ ರಾಜ್ಯ ಒಡೆದು ಎರಡಾಗಿರಲಿಲ್ಲ. ಅಕ್ಕನ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ಅವ್ವನದೆಂದು ಉಳಿದಿದ್ದ ಒಂದೇ ಒಂದು ನೇರಳೆ ರೇಷ್ಮೆ ಸೀರೆಯಲ್ಲಿ ಛತ್ರಿಯಂತೆ ಅರಳುವ ಘಾಗ್ರಾ ಹೊಲಿಸಿಕೊಂಡು ಅಂದು ಉಡಬೇಕೆಂಬುದು ಅವಳ ಆಸೆ. ಅಷ್ಟು ದಿನ ನನ್ನಿಂದ ಬರೀ ಕಾಜಾ, ಗುಂಡಿ ಹಾಕಿಸಿದ್ದ ಅತ್ತೆ, ಇದನ್ನು ನೀನೇ ಕತ್ತರಿಸು ಎಂದರು. ನಾನು ಹಿಗ್ಗಿದೆ.

ಅಕ್ಕನ ಸೊಂಟ ಇಪ್ಪತ್ತೈದು ಇಂಚು. ಸುತ್ತಳತೆಯನ್ನು ಆರೂಕಾಲರಿಂದ ಭಾಗಿಸಿದರೆ ವೃತ್ತದ ತ್ರಿಜ್ಯ, ಅಂದರೆ ನಾಲ್ಕು ಇಂಚು. ಶಾಲೆಯ ಲೆಕ್ಕ ಅಷ್ಟು ನೆನಪಿತ್ತು. ರವಿಕೆಯಾಗಲಿ ಲಂಗವಾಗಲಿ, ಹೊಲಿಗೆಗೆಂದು ಅರ್ಧ ಇಂಚು ಹೆಚ್ಚಿಗೆ ಬಿಡುವುದು ರೂಢಿ. ಹಾಗೇ ನಾಲ್ಕೂವರೆಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಸರಿಯೇ ಎಂದು ಅತ್ತೆಯನ್ನು ಕೇಳಿದೆ. ಅವರು ಗೆರೆಯನ್ನು ಚೆನ್ನಾಗಿ ನೋಡಿದರು.

"ಕೈ ನಿಂದು, ಕತ್ತರಿ ನಿಂದು," ಅಂದರು.

ಕತ್ತರಿಸಿದೆ. ಪಟ್ಟಿ ಹೊಲಿದು ಅಕ್ಕನಿಗೆ ತೊಡಿಸಿದರೆ ಘಾಗ್ರಾ ಸೊಂಟದ ಮೇಲೆ ನಿಲ್ಲದೆ ಜಾರಿ ಕಾಲಿಗೆ ಬಿತ್ತು. ಆರು ಇಂಚು ಸಡಿಲ. ಅಕ್ಕ ಅದನ್ನು ಎತ್ತಿಕೊಂಡು ಮುಖಕ್ಕೆ ಒತ್ತಿಕೊಂಡಳು. ಅತ್ತೆ ಆಗ ನಿಧಾನವಾಗಿ ಬಾಯಿಂದ ಸೂಜಿಗಳನ್ನು ತೆಗೆದರು.

"ನಡುವಿನ ತೂತು ಹೊಲಿದಷ್ಟೂ ದೊಡ್ಡದಾಗ್ತೈತಿ. ಅದಕ್ಕ ಅರ್ಧ ಇಂಚು ಒಳಗ ಗೆರಿ ಹಾಕಬೇಕು, ಹೊರಗಲ್ಲ."

"ಗೆರಿ ನೋಡಿದಾಗ ಯಾಕ ಹೇಳಲಿಲ್ರಿ, ಅತ್ಯಾ?"

"ಹೇಳಿದ್ರ ಮರೀತಿದ್ದಿ. ಈಗ ಸಾಯೂತನಕ ಮರಿಯಂಗಿಲ್ಲ."

ನೆರಿಗೆ ಹಿಡಿದು ಹೇಗೋ ಸೊಂಟಕ್ಕೆ ಕೂರಿಸಿದೆ. ಛತ್ರಿಯಂತೆ ಅರಳಬೇಕಾದದ್ದು ಗಂಟು ಕಟ್ಟಿದಂತೆ ಉಬ್ಬಿ ನಿಂತಿತು. ನಿಶ್ಚಿತಾರ್ಥದ ಫೋಟೋಗಳಲ್ಲೆಲ್ಲ ಅಕ್ಕ ಎರಡೂ ಕೈಗಳಿಂದ ಸೊಂಟ ಮುಚ್ಚಿಕೊಂಡು ನಿಂತಿದ್ದಾಳೆ. ಬೀಗರು ಅದನ್ನು ನಾಚಿಕೆ ಎಂದುಕೊಂಡರು.

ಅತ್ತೆ ಸತ್ತ ದಿನ ಹೋಗಿ ನಿಂತು ಬಂದೆ. ಕಣ್ಣು ಒದ್ದೆಯಾಗಲಿಲ್ಲ, ಆಗಲೆಂದು ನಾನೂ ಪ್ರಯತ್ನಿಸಲಿಲ್ಲ. ಕಲಿಸುವುದಕ್ಕೆ ಆ ಮನೆಯಲ್ಲಿ ಹಳೆಯ ಹಾಸಿಗೆ ಹೊದಿಕೆ ಬೇಕಾದಷ್ಟಿದ್ದವು. ಅವರಿಗೆ ಅವ್ವನ ಸೀರೆಯೇ ಬೇಕಾಗಿತ್ತು.

ಈಗ ಅದೇ ಊರಿನ ಇನ್ನೊಂದು ಬಡಾವಣೆ ಮಾದಾಪುರದಲ್ಲಿ ನನ್ನದೇ ಅಂಗಡಿ ಇದೆ. ನಡೆಯುವುದು ಹೆಚ್ಚಾಗಿ ಘಾಗ್ರಾಗಳಿಂದಲೇ. ಸೀಮೆಸುಣ್ಣ ಹಿಡಿದಾಗಲೆಲ್ಲ ಕೈ ತಾನಾಗಿ ಅರ್ಧ ಇಂಚು ಒಳಗೆ ಸರಿಯುತ್ತದೆ, ಒಂದು ಸಲವೂ ತಪ್ಪಿಲ್ಲ. ನಾನು ಉಣ್ಣುವ ಅನ್ನ ಅವರು ಕಲಿಸಿದ್ದರಿಂದ ಬಂದದ್ದು. ಸೀರೆಗಿಂತ ಹೆಚ್ಚಾಗಿ ಅದಕ್ಕೇ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.