ಒಂದೇ ಸೊನ್ನೆಯ ವರ್ಲಿನ್
ನಮ್ಮ ಕೌಂಟಿಯಲ್ಲಿ ವರ್ಲಿನ್ ಸ್ಟಾಕ್‌ನಷ್ಟು ಬೇಗ ಮತ ಹಾಕುವವರು ಯಾರೂ ಇಲ್ಲ. ಮತಪತ್ರದ ನೆತ್ತಿಯಲ್ಲಿ ರಿಪಬ್ಲಿಕನ್ ಪಕ್ಷದ ಒಂದು ಸೊನ್ನೆಯನ್ನು ಕಪ್ಪು ಮಾಡಿದರೆ ಸಾಕು, ಗವರ್ನರ್‌ನಿಂದ ಹಿಡಿದು ಶವಪರೀಕ್ಷೆಯ ಅಧಿಕಾರಿಯವರೆಗೆ ಪಕ್ಷದ ಎಲ್ಲರಿಗೂ ಮತ ಬಿದ್ದಂತೆ. ಕೆಳಗಿನ ಹೆಸರುಗಳನ್ನು ಆತ ಓದುವುದೇ ಇಲ್ಲ. ಓದುತ್ತ ನಿಂತ ನನ್ನನ್ನು ಕಂಡರೆ, "ಏನಯ್ಯಾ, ಹೋಟೆಲಿನ ತಿಂಡಿ ಪಟ್ಟಿ ನೋಡ್ತಿದೀಯಾ? ಕೊನೆಗೆ ತಿನ್ನೋದು ದಿನಾ ತಿನ್ನೋದನ್ನೇ ತಾನೆ!" ಎಂದು ಮತಗಟ್ಟೆಯೇ ಅದುರುವಂತೆ ನಗುತ್ತಾನೆ. ನಾನು ತಿನ್ನುವುದೂ ಅದನ್ನೇ ಅನ್ನಿ, ಓದುವುದು ಮರ್ಯಾದೆಗೆ. ಚರ್ಚಿನ ಊಟದಲ್ಲಿ ಸೇಬಿನ ಪೈ ಮಾಡಿದವರದು ಯಾವ ಪಕ್ಷವೆಂದು ತಿಳಿಯದೆ ಆತ ಚಮಚ ಎತ್ತುವುದಿಲ್ಲ. ಡೆಮಾಕ್ರಾಟರದಾದರೆ, ಬಾಯಿಗಿಡುವ ಮೊದಲೇ, "ಸಕ್ಕರೆ ಕಮ್ಮಿ" ಎನ್ನುತ್ತಾನೆ. ಇಂಥವನ ಮಗಳು ರೊಂಡಾ ಕಳೆದ ಸಲ ಡೆಮಾಕ್ರಾಟಳಾಗಿ ಕೌಂಟಿ ಆಡಳಿತ ಮಂಡಳಿಯ ಚುನಾವಣೆಗೆ ನಿಂತಳು. ಕೌಂಟಿಯ ವೃದ್ಧಾಶ್ರಮ ಮುಚ್ಚಬಾರದು ಎಂಬುದೊಂದೇ ಅವಳ ಮಾತು. ಮರೆವು ಕವಿದ ಅವಳ ತಾಯಿ ನಾರ್ಮಾ ಅಲ್ಲಿದ್ದಳು. ವರ್ಲಿನ್ ದಿನವೂ ಮಧ್ಯಾಹ್ನ ಹೋಗಿ ಹೆಂಡತಿಗೆ ಊಟ ಮಾಡಿಸಿ ಬರುತ್ತಿದ್ದ. ಮಗಳ ಪ್ರಚಾರ ಫಲಕವನ್ನು ತನ್ನ ಮೆಕ್ಕೆಜೋಳದ ಹೊಲದಂಚಿನಲ್ಲಿ ತಾನೇ ನೆಟ್ಟ. ಮತದಾನದ ದಿನ ಮಾತ್ರ ಮತಗಟ್ಟೆಯಿಂದ ಎಂದಿನಷ್ಟೇ ಬೇಗ ಹೊರಬಂದ. ರೊಂಡಾ ಸೋತಳು, ಆಶ್ರಮ ಮುಚ್ಚಿತು, ನಾರ್ಮಾಳನ್ನು ಮೂರು ಕೌಂಟಿ ಆಚೆಯ ಇನ್ನೊಂದು ಆಶ್ರಮಕ್ಕೆ ಸಾಗಿಸಿದರು. ಕಣ್ಣು ಮಂಜಾಗಿರುವ ವರ್ಲಿನ್‌ನನ್ನು ಈಗ ಭಾನುವಾರಕ್ಕೊಮ್ಮೆ ಮಗಳೇ ಕಾರಿನಲ್ಲಿ ಕರೆದೊಯ್ಯುತ್ತಾಳೆ. ಮೊನ್ನೆ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಅರ್ಧ ದಾರಿ ಕಳೆದ ಮೇಲೆ ಆತ, "ಕೈ ತಾನಾಗೇ ಆ ಸೊನ್ನೆಗೆ ಹೋಗಿಬಿಡ್ತು ಕಣಮ್ಮಾ," ಎಂದ. "ನಾನೇನೂ ಕೇಳ್ಲಿಲ್ವಲ್ಲಪ್ಪಾ," ಎಂದಳು ರೊಂಡಾ, ರಸ್ತೆಯಿಂದ ಕಣ್ಣು ತೆಗೆಯದೆ.